ಕಿಟಕಿಗೆಂದು ಕೊಟ್ಟ ಹಣ ಬಾಗಿಲಿಗೆ ಹೋಯಿತು

ಹಡಗಿನಲ್ಲಿ ಒಳ್ಳೆಯ ಕ್ಯಾಬಿನ್ ಬೇಕೆಂದು ನಾಲ್ಕು ಕಾಸು ಹೆಚ್ಚಿಗೆ ಕೊಡುವುದು ತಪ್ಪೇ? 2023ರ ಡಿಸೆಂಬರ್‌ನಲ್ಲಿ ನಮ್ಮ ಅಕ್ಕನ ಮಗ ನಮಗೆ ಕೇಳಿದ ಪ್ರಶ್ನೆ ಇದು. ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಉರ್ದುವೂ ಕೈಕೊಟ್ಟಿತು, ಕನ್ನಡವೂ ಕೈಕೊಟ್ಟಿತು. ಈಗ ತಣ್ಣಗೆ ಕೂತು ಉತ್ತರ ಬರೆಯುತ್ತಿದ್ದೇವೆ. ಅವನು ಕನ್ನಡ ಓದುವವನಲ್ಲ, ನಿಜ. ಆದರೆ ಅವನ ಪ್ರಶ್ನೆಯನ್ನೇ ಕೇಳುವವರು ಕನ್ನಡ ಓದುವವರ ನಡುವೆಯೂ ಈಗ ಬೇಕಾದಷ್ಟು ಮಂದಿ ಇದ್ದಾರೆ.

ಸಂಗತಿ ಇಷ್ಟು. ದುಬೈಯಲ್ಲಿ ನೌಕರಿ ಮಾಡುವ ಈ ಹುಡುಗ ತನ್ನ ಅಬ್ಬಾ-ಅಮ್ಮಿಯ ಮದುವೆಗೆ ಮೂವತ್ತು ವರ್ಷ ತುಂಬಿದ ಖುಷಿಗೆ ನಮ್ಮನ್ನೆಲ್ಲ ಅಲ್ಲಿಗೆ ಕರೆಸಿಕೊಂಡಿದ್ದ. ದುಬೈಯಿಂದ ಹೊರಟು ಅಬುಧಾಬಿ, ದೋಹಾ ತೋರಿಸಿ ಮತ್ತೆ ದುಬೈಗೆ ತಂದು ಬಿಡುವ ನಾಲ್ಕು ರಾತ್ರಿಗಳ ವಿಹಾರದ ಹಡಗು. ನಾವು ಒಟ್ಟು ಎಂಟು ಜನ. ಅಕ್ಕ ಮತ್ತು ಭಾವ, ಹುಡುಗ ಮತ್ತು ಅವನ ಹೆಂಡತಿ, ನಾವು ಗಂಡ-ಹೆಂಡತಿ, ಅಕ್ಕನ ಮಗಳು, ಮತ್ತು ಎಪ್ಪತ್ತು ದಾಟಿದ ನಮ್ಮ ಖಾಲಾ. ತಾಯಿ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದ ಚಿಕ್ಕಮ್ಮ ಆಕೆ. ಹುಡುಗನಿಗೆ ಆಕೆಯೇ ನಾನಿ.

ಇಂಥ ಹಡಗಿನಲ್ಲಿ ಕ್ಯಾಬಿನ್‌ಗಳು ಮುಖ್ಯವಾಗಿ ನಾಲ್ಕು ಬಗೆ. ಕಿಟಕಿಯೇ ಇಲ್ಲದ ಒಳಗಿನ ಕೋಣೆ ಎಲ್ಲಕ್ಕಿಂತ ಅಗ್ಗ. ಅದರ ಮೇಲೆ ಗಾಜಿನ ಕಿಟಕಿಯದು, ಅದರ ಮೇಲೆ ಬಾಲ್ಕನಿಯದು, ಎಲ್ಲದರ ಮೇಲೆ ಸೂಟ್. ಎಂಟು ಜನರ ಖರ್ಚು ಒಬ್ಬನ ತಲೆಯ ಮೇಲಲ್ಲವೇ? ಹುಡುಗ ನಾಲ್ಕು ಒಳಕೋಣೆಗಳನ್ನೇ ಹಿಡಿದಿದ್ದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದ.

ಹೊರಡಲು ಹತ್ತು ದಿನವಿರುವಾಗ ಅವನ ಮೊಬೈಲಿಗೆ ಕಂಪನಿಯ ಸಂದೇಶ ಬಂತು. ಮೇಲಿನ ದರ್ಜೆಯ ಕ್ಯಾಬಿನ್ ಬೇಕೇ, ಬೆಲೆ ನೀವೇ ಹೇಳಿ ಎಂದು. ಮಾರಾಟವಾಗದೆ ಉಳಿದ ದುಬಾರಿ ಕ್ಯಾಬಿನ್‌ಗಳನ್ನು ಹಡಗಿನ ಕಂಪನಿಗಳು ಹೀಗೆ ಹರಾಜಿಗೆ ಇಡುತ್ತವೆ. ಪರದೆಯ ಮೇಲೆ ಬೆರಳಿನಿಂದ ಎಳೆಯುವ ಒಂದು ಪಟ್ಟಿ. ಕಡಿಮೆ ಹಣ ಕೂಗಿದರೆ ಕೆಂಪು, ಹೆಚ್ಚಿಸುತ್ತ ಹೋದರೆ ಹಸಿರು. ಎದುರಾಳಿ ಯಾರು, ಎಷ್ಟು ಕೂಗಿದ್ದಾನೆ, ಕೋಣೆಗಳು ಎಷ್ಟಿವೆ, ಒಂದೂ ಗೊತ್ತಾಗುವುದಿಲ್ಲ. ಮಲ್ಪೆಯ ಮೀನಿನ ಹರಾಜಿನಲ್ಲಿ ಪಕ್ಕದವನ ಕೂಗಾದರೂ ಕಿವಿಗೆ ಬೀಳುತ್ತದೆ. ಇಲ್ಲಿ ನಾವು ನಮ್ಮ ಆಸೆಯ ವಿರುದ್ಧವೇ ಕೂಗಬೇಕು. ಹುಡುಗ ತಲೆಗೆ 900 ದಿರಹಂ ಕೂಗಿದ. ಎರಡು ಕೋಣೆಗಳಿಗೆ ಒಪ್ಪಿಗೆ ಬಂತು. ತನಗೊಂದು, ಅಬ್ಬಾ-ಅಮ್ಮಿಗೊಂದು. ನಾವು, ಖಾಲಾ, ಅಕ್ಕನ ಮಗಳು ಕೆಳಗೇ ಉಳಿದೆವು. ನಮಗೆ ಬೇಸರವಿರಲಿಲ್ಲ. ಮಗ ದುಡಿದು ತಂದೆತಾಯಿಯನ್ನು ಸೂಟಿನಲ್ಲಿ ಕೂರಿಸುವುದನ್ನು ಕಂಡು ಬೇಸರಪಡುವವನು ಮನುಷ್ಯನೇ?

ಎರಡನೆಯ ರಾತ್ರಿ ಮದುವೆಯ ದಿನದ ಊಟ. ಎಲ್ಲರೂ ಒಂದೇ ಮೇಜಿನಲ್ಲಿ ಕೂಡಬೇಕೆಂದು ಅಕ್ಕನ ಆಸೆ. ಸೂಟಿನವರಿಗೆಂದೇ ಮೇಲಿನ ಅಂತಸ್ತಿನಲ್ಲಿ ಬೇರೆ ಊಟದ ಮನೆ, ಬೇರೆ ಈಜುಕೊಳ, ಬೇರೆ ಲಿಫ್ಟ್. ಕ್ಯಾಬಿನ್ನಿನ ಬೀಗ ತೆಗೆಯುವ ಕಾರ್ಡು ತೋರಿಸಿದರೆ ಮಾತ್ರ ಅಲ್ಲಿನ ಬಾಗಿಲೂ ತೆರೆಯುತ್ತದೆ. ನಮ್ಮ ಕಾರ್ಡಿನ ಬಣ್ಣ ಬೇರೆ. ಬಾಗಿಲಲ್ಲಿದ್ದ ಹುಡುಗಿ ಬಹಳ ವಿನಯದಿಂದ, ಎರಡು ಸಲ ಕ್ಷಮೆ ಕೇಳಿ, ಖಾಲಾರನ್ನು ತಡೆದಳು. ಆಕೆಯ ತಪ್ಪೇನೂ ಇರಲಿಲ್ಲ. ಹೆಚ್ಚಿನ ಹಣ ಕೊಡುತ್ತೇವೆ ಎಂದು ನಮ್ಮ ಹುಡುಗ ಒಳಗಿನಿಂದ ಬಂದು ಹೇಳಿದ. ಹಣದ ಪ್ರಶ್ನೆ ಅಲ್ಲ ಸರ್, ಕ್ಯಾಬಿನ್ನಿನ ಪ್ರಶ್ನೆ ಎಂದಳು. ಖಾಲಾ ಕೋಲು ಊರಿಕೊಂಡು ನಿಂತಿದ್ದರು.

"ಜಾನೇ ದೋ ಬೇಟಾ, ನನಗೆ ಹಸಿವಿಲ್ಲ. ಸಂಜೆ ಬಿಸ್ಕತ್ತು ತಿಂದೆ" ಎಂದರು. ಬಿಸ್ಕತ್ತು ಎಲ್ಲಿ ಬಂತು? ಮಧ್ಯಾಹ್ನದಿಂದ ಆಕೆಯ ಹೊಟ್ಟೆಗೆ ಬರೀ ಚಹಾ ಬಿದ್ದಿತ್ತು. ಒಳಗೆ ಕೇಕು ಬಂದಾಗಿತ್ತು. ಅಕ್ಕ ಎದ್ದು ಹೊರಗೆ ಬರಲೂ ಇಲ್ಲ, ಕೇಕು ತಿನ್ನಲೂ ಇಲ್ಲ ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ಆ ರಾತ್ರಿ ಬಯಲು ಡೆಕ್ಕಿನಲ್ಲಿ ಹುಡುಗ ನಮ್ಮನ್ನು ಹುಡುಕಿಕೊಂಡು ಬಂದ. ನಮ್ಮ ಮುಖ ನೋಡಿಯೇ ಕೇಳಿದ: "ಮಾಮೂ, ನಾನೇನು ಕದ್ದ ಹಣ ಕೊಟ್ಟಿದ್ದೇನಾ? ನನ್ನ ಬೆವರಿನ ಹಣ. ಒಳ್ಳೆಯ ಕೋಣೆ ತಗೊಂಡೆ. ಅದರಲ್ಲಿ ತಪ್ಪೇನು?"

ತಪ್ಪಿಲ್ಲ. ಮೊದಲು ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಬೆನ್ನುನೋವಿನವರಿಗೆ ಅಗಲವಾದ ಹಾಸಿಗೆ ಬೇಕು. ಉಸಿರು ಕಟ್ಟುವವರಿಗೆ ತೆರೆಯುವ ಬಾಗಿಲು ಬೇಕು. ಗಾಲಿಕುರ್ಚಿಯವರಿಗೆ ದೊಡ್ಡ ಬಚ್ಚಲು ಬೇಕು. ಬೆಳಗ್ಗೆ ಎದ್ದ ಕೂಡಲೇ ಸಮುದ್ರ ನೋಡಬೇಕೆಂಬ ಆಸೆ ಪಾಪವಲ್ಲ. ಕಿಟಕಿಗೆ ಬೆಲೆಯಿದೆ, ಜಾಗಕ್ಕೆ ಬೆಲೆಯಿದೆ, ಕೊಳ್ಳುವವರು ಕೊಳ್ಳಲಿ. ಬಡತನವನ್ನು ಪೂಜಿಸುವವರು ನಾವಲ್ಲ. ಕಿಟಕಿಯಿಲ್ಲದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಕಿಟಕಿಯ ಬೆಲೆ ಚೆನ್ನಾಗಿ ಗೊತ್ತು.

ನಮ್ಮ ಜಗಳ ಕಿಟಕಿಯ ಜೊತೆಗಲ್ಲ, ಬಾಗಿಲಿನ ಜೊತೆಗೆ. ಹುಡುಗ ಕೊಟ್ಟ ಹಣದಲ್ಲಿ ಎಷ್ಟು ಪಾಲು ಸಮುದ್ರ ನೋಡುವುದಕ್ಕೆ ಹೋಯಿತು, ಎಷ್ಟು ಪಾಲು ನಾನಿಯನ್ನು ಹೊರಗೆ ನಿಲ್ಲಿಸುವುದಕ್ಕೆ ಹೋಯಿತು? ಈ ಲೆಕ್ಕವನ್ನು ಯಾವ ಕಂಪನಿಯೂ ಬಿಲ್ಲಿನಲ್ಲಿ ಬರೆದು ಕೊಡುವುದಿಲ್ಲ. ನಾವೇ ಬಿಡಿಸಿ ನೋಡಬೇಕು.

ಮೊದಲು ಕೋಣೆಯ ಗುಣವನ್ನೇ ನೋಡೋಣ. ದುಬಾರಿ ಕೋಣೆಯೆಲ್ಲ ಒಳ್ಳೆಯ ಕೋಣೆಯೇ? ಸಮುದ್ರಕ್ಕೆ ಅಂತಸ್ತಿನ ಹಂಗಿಲ್ಲ. ಹಡಗು ತೂಗುವಾಗ ಹೆಚ್ಚು ತೂಗುವುದು ಮೇಲಿನ ಅಂತಸ್ತು, ಮೂತಿ ಮತ್ತು ಹಿಂಬದಿ. ಕಡಿಮೆ ತೂಗುವುದು ಕೆಳಗಿನ ಅಂತಸ್ತಿನ ನಡುಭಾಗ. ತೊಟ್ಟಿಲನ್ನು ಕಂಡವರಿಗೆಲ್ಲ ಗೊತ್ತಿರುವ ಲೆಕ್ಕ ಇದು. ಮೂರನೆಯ ರಾತ್ರಿ ಆ ಕಡೆಯವರು ಶಮಾಲ್ ಎಂದು ಕರೆಯುವ ವಾಯುವ್ಯದ ಗಾಳಿ ಎದ್ದಿತು. ಮೂತಿಯ ಹತ್ತಿರದ ಸೂಟಿನಲ್ಲಿ ಹುಡುಗನ ಹೆಂಡತಿ ಬೆಳಗಿನವರೆಗೆ ವಾಂತಿ ಮಾಡಿದಳು. ಹಡಗಿನ ಹೊಟ್ಟೆಯ ನಡುವಿನ ಕಿಟಕಿಯಿಲ್ಲದ ಕೋಣೆಯಲ್ಲಿ ಖಾಲಾ ಗೊರಕೆ ಹೊಡೆದರು. ಹಡಗು ಬಲ್ಲವರು ಕೋಣೆ ಹಿಡಿಯುವಾಗ ಮೊದಲು ನಕ್ಷೆ ನೋಡುತ್ತಾರೆ. ತಲೆಯ ಮೇಲೆ ಕುಣಿತದ ಹಾಲ್ ಇದೆಯೇ, ಗೋಡೆಯಾಚೆ ಲಿಫ್ಟ್ ಇದೆಯೇ, ಲಂಗರಿನ ಸರಪಳಿ ಹತ್ತಿರವೇ ಎಂದು. ಆಮೇಲೆ ದರ ನೋಡುತ್ತಾರೆ. ಪರದೆಯ ಹಸಿರು ಪಟ್ಟಿ ಇದಾವುದನ್ನೂ ಹೇಳುವುದಿಲ್ಲ. ಮೇಲಕ್ಕೆ ಹೋದದ್ದೆಲ್ಲ ಒಳ್ಳೆಯದು ಎಂಬ ನಮ್ಮ ಹಳೆಯ ಭ್ರಮೆಗೆ ಅದು ಬಣ್ಣ ಹಚ್ಚುತ್ತದೆ.

ಹಾಗಾದರೆ ಕಂಪನಿಗಳು ಮಾರುತ್ತಿರುವುದೇನು? ಅವರ ಜಾಹೀರಾತಿನ ಮಾತನ್ನೇ ಕೇಳಿ: ಹಡಗಿನೊಳಗೊಂದು ಹಡಗು. ನಾರ್ವೀಜಿಯನ್ ಕಂಪನಿಯ ಹಡಗುಗಳಲ್ಲಿ ‘ದಿ ಹೇವನ್’ ಎಂಬ ಪ್ರತ್ಯೇಕ ಆವರಣವಿದೆ. ಅಲ್ಲಿಯ ಸೂಟಿನವರ ಕಾರ್ಡಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. 2004ರಲ್ಲಿ ಯಾನ ಆರಂಭಿಸಿದ ಕುನಾರ್ಡ್ ಕಂಪನಿಯ ‘ಕ್ವೀನ್ ಮೇರಿ 2’ ಹಡಗಿನಲ್ಲಿ ನೀವು ಮಲಗುವ ಕೋಣೆ ಯಾವುದು ಎಂಬುದರ ಮೇಲೆ ನೀವು ಉಣ್ಣುವ ಊಟದ ಮನೆ ಯಾವುದು ಎಂಬುದು ನಿರ್ಧಾರವಾಗುತ್ತದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ ರಾಯಲ್ ಕೆರಿಬಿಯನ್ ಕಂಪನಿಯ ‘ಐಕಾನ್ ಆಫ್ ದ ಸೀಸ್’ ಹಡಗಿಗೆ 20 ಅಂತಸ್ತು. ತುಂಬಿದಾಗ ಸುಮಾರು 7,600 ಪ್ರಯಾಣಿಕರು, ಅವರ ಸೇವೆಗೆ 2,350 ಸಿಬ್ಬಂದಿ. ಅದರಲ್ಲಿ ಒಂದು ಕುಟುಂಬಕ್ಕೆಂದೇ ಮೂರು ಅಂತಸ್ತಿನ ಮನೆ, ಮೇಲಿನಿಂದ ಕೆಳಗೆ ಜಾರುವ ಬಂಡಿಯೂ ಇದೆ. ಇನ್ನೊಂದು ಕಡೆ, ಇದೇ ಕಂಪನಿಯ ಕೆಲವು ಹಡಗುಗಳ ಒಳಕೋಣೆಯಲ್ಲಿ ಗೋಡೆಯ ಮೇಲೆ ದೊಡ್ಡ ಪರದೆ ಇಟ್ಟು, ಹೊರಗಿನ ಸಮುದ್ರದ ಚಿತ್ರವನ್ನು ಅದರ ಮೇಲೆ ಬಿಡುತ್ತಾರೆ. ಸಮುದ್ರದ ನಡುವೆಯೇ ಕೂತು ಸಮುದ್ರದ ಟಿವಿ ನೋಡಬೇಕು!

ಈ ವ್ಯಾಪಾರದ ಜಾಣತನ ನೋಡಿ. ಒಂದೇ ಹಡಗಿನಲ್ಲಿ ಏಳು ಸಾವಿರ ಜನರನ್ನು ತುಂಬುವವರೂ ಅವರೇ. ಆ ನೂಕುನುಗ್ಗಲಿನಿಂದ ನಿಮ್ಮನ್ನು ಪಾರುಮಾಡುತ್ತೇವೆ, ಇಷ್ಟು ಹೆಚ್ಚಿಗೆ ಕೊಡಿ ಎನ್ನುವವರೂ ಅವರೇ. ಮೊದಲು ಸರದಿಯನ್ನು ಉದ್ದ ಮಾಡು, ಆಮೇಲೆ ಸರದಿ ತಪ್ಪಿಸುವ ಚೀಟಿ ಮಾರು. ಬೆಂಕಿ ಹಚ್ಚಿದವನೇ ನೀರು ಮಾರಲು ಬಂದಂತೆ.

ಇದಕ್ಕೆ ಒಂದು ಉತ್ತರವಿದೆ, ನಮ್ಮ ಹುಡುಗ ಅದನ್ನೂ ಹೇಳಿದ. ಸೂಟಿನವರು ಹೆಚ್ಚು ಕೊಡುವುದರಿಂದಲೇ ಒಳಕೋಣೆ ಅಗ್ಗಕ್ಕೆ ಸಿಗುತ್ತದೆ, ಉಳ್ಳವರ ಹಣದಲ್ಲಿ ಇಲ್ಲದವರು ಸಮುದ್ರ ನೋಡುತ್ತಿದ್ದಾರೆ ಎಂದು. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಅಷ್ಟು ಸರಳವಲ್ಲ. ದೊಡ್ಡ ಕ್ರೂಸ್ ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೆಯ ಒಂದು ಭಾಗ ಬರುವುದು ಟಿಕೆಟಿನಿಂದಲ್ಲ. ಹಡಗು ಹತ್ತಿದ ಮೇಲೆ ಜನ ಮಾಡುವ ಖರ್ಚಿನಿಂದ. ಮದ್ಯ, ಜೂಜು, ಅಂಗಡಿ, ಇಂಟರ್‌ನೆಟ್, ಬಂದರಿನ ಸುತ್ತಾಟ ಮುಂತಾದವುಗಳಿಂದ. ಒಳಕೋಣೆ ಅಗ್ಗವಾಗಿರುವುದು ಸೂಟಿನವನ ದಾನದಿಂದ ಎಂದು ನಾವು ನಂಬಬೇಕಾಗಿಲ್ಲ. ಒಳಕೋಣೆಯವನೂ ಜೇಬು ಬಿಚ್ಚುತ್ತಾನೆ ಎಂಬ ನಂಬಿಕೆ ಕಂಪನಿಗಿದೆ. ಹಳೆಯ ಕಾಲದಲ್ಲೂ ಹೀಗೇ. ಯುರೋಪಿನಿಂದ ಅಮೆರಿಕಕ್ಕೆ ಹೋಗುತ್ತಿದ್ದ ದೊಡ್ಡ ಹಡಗುಗಳ ಚಿತ್ರಗಳಲ್ಲಿ ಕಾಣುವುದು ಮೊದಲ ದರ್ಜೆಯ ಮೆಟ್ಟಿಲು, ದೀಪದ ಗೊಂಚಲು. ಕಂಪನಿಯ ಗಲ್ಲಾ ತುಂಬಲು ಬೇಕಾಗಿದ್ದವರು ಮಾತ್ರ ತಳದಲ್ಲಿ ತುಂಬಿಕೊಂಡು ವಲಸೆ ಹೋಗುತ್ತಿದ್ದ ಬಡವರು.

ದರ್ಜೆಯ ಬಾಗಿಲು ಬರೀ ಊಟದ ಮನೆಯ ಬಾಗಿಲಾಗಿ ಉಳಿಯುವುದಿಲ್ಲ. ಅದಕ್ಕೆ ಚರಿತ್ರೆಯೇ ಸಾಕ್ಷಿ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ಮೊದಲ ದರ್ಜೆಯ ನೂರು ಪ್ರಯಾಣಿಕರಲ್ಲಿ ಸುಮಾರು 62 ಮಂದಿ ಬದುಕಿದರು. ಎರಡನೆಯ ದರ್ಜೆಯಲ್ಲಿ 41. ಮೂರನೆಯ ದರ್ಜೆಯಲ್ಲಿ 25. ಗಂಡಸು ಹೆಂಗಸು ಎಂಬ ಭೇದ ಒತ್ತಟ್ಟಿಗಿಟ್ಟು ಹೆಂಗಸರನ್ನೇ ಎಣಿಸಿದರೂ ಮೊದಲ ದರ್ಜೆಯವರು ಹೆಚ್ಚುಕಡಿಮೆ ಎಲ್ಲರೂ ಉಳಿದರು, ಮೂರನೆಯ ದರ್ಜೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು. ಬ್ರಿಟನ್ನಿನಲ್ಲಿ ನಡೆದ ವಿಚಾರಣೆ ಮೂರನೆಯ ದರ್ಜೆಯವರಿಗೆ ಭೇದ ಮಾಡಿಲ್ಲ ಎಂದು ತೀರ್ಪಿತ್ತಿತು. ಆ ವಿಚಾರಣೆಯಲ್ಲಿ ಮೂರನೆಯ ದರ್ಜೆಯ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ಸಾಕ್ಷಿ ಹೇಳಲು ಕರೆದಿರಲಿಲ್ಲ! ಬಾಗಿಲಾಚೆ ನಿಂತವರ ಮಾತು ಕೇಳದೆಯೇ ಬಾಗಿಲು ನಿರಪರಾಧಿ ಎಂದದ್ದು ಯಾವ ಇನ್ಸಾಫ್?

ಇದು ಅವರ ಹಡಗು, ಅವರ ಪಾಪ ಎಂದು ನಾವು ತಪ್ಪಿಸಿಕೊಳ್ಳುವಂತಿಲ್ಲ. 1880ರಲ್ಲಿ ‘ಜಿದ್ದಾ’ ಎಂಬ ಹಬೆ ಹಡಗು ಸಿಂಗಾಪುರ, ಪೆನಾಂಗ್‌ಗಳಿಂದ ಒಂಬೈನೂರಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು ಹೊರಟಿತು. ಹಡಗು ಸಿಂಗಾಪುರದ ಅರಬ್ ಮುಸ್ಲಿಂ ವ್ಯಾಪಾರಿ ಮನೆತನದ್ದು, ಕಪ್ತಾನ ಮತ್ತು ಅಧಿಕಾರಿಗಳು ಬ್ರಿಟಿಷರು. ಬಿರುಗಾಳಿಗೆ ಸಿಕ್ಕು ಹಡಗಿಗೆ ನೀರು ನುಗ್ಗಿದಾಗ ಕಪ್ತಾನ ತನ್ನ ಹೆಂಡತಿಯನ್ನೂ ಅಧಿಕಾರಿಗಳನ್ನೂ ಕಟ್ಟಿಕೊಂಡು ದೋಣಿಯಲ್ಲಿ ಪಾರಾದ. ಡೆಕ್ಕಿನ ಮೇಲಿದ್ದ ಹಾಜಿಗಳನ್ನು ಅಲ್ಲಾಹನಿಗೆ ಬಿಟ್ಟ. ಏಡನ್ ತಲುಪಿ, ಹಡಗು ಎಲ್ಲರ ಸಮೇತ ಮುಳುಗಿತೆಂದು ವರದಿ ಕೊಟ್ಟ. ಮರುದಿನ ಅದೇ ಹಡಗು ಇನ್ನೊಂದು ಹಡಗಿನ ಹಗ್ಗ ಹಿಡಿದು, ಯಾತ್ರಿಕರ ಸಮೇತ, ಅದೇ ಏಡನ್ ಬಂದರಿಗೆ ಬಂತು. ಆ ಜನ ನೀರು ಎತ್ತಿ ಚೆಲ್ಲುತ್ತ ಹಡಗನ್ನು ಉಳಿಸಿಕೊಂಡಿದ್ದರು. ಕಪ್ತಾನನಿಗೆ ಆದ ಶಿಕ್ಷೆ ಮೂರು ವರ್ಷ ಪರವಾನಗಿ ಅಮಾನತು. ಜೋಸೆಫ್ ಕಾನ್ರಾಡ್‌ನ ‘ಲಾರ್ಡ್ ಜಿಮ್’ ಕಾದಂಬರಿಗೆ ಮೂಲವಾದದ್ದು ಇದೇ ಘಟನೆ. ಕಾದಂಬರಿಯಲ್ಲಿ ಉಳಿದದ್ದು ಓಡಿಹೋದ ಒಬ್ಬ ಅಧಿಕಾರಿಯ ಮನಸ್ಸಿನ ಕಥೆ. ನೀರು ಎತ್ತಿ ಚೆಲ್ಲಿದ ಒಂಬೈನೂರು ಜನರ ಕಥೆಯನ್ನು ಯಾರು ಬರೆದರು? ಕಥೆಗಾರರಾದ ನಮಗೆ ಇದು ಇಂದಿಗೂ ಚುಚ್ಚುತ್ತದೆ.

ಟೈಟಾನಿಕ್‌ನ ಸಾವುಗಳ ನಂತರ, 1914ರಲ್ಲಿ, ಸಮುದ್ರಯಾನದ ಸುರಕ್ಷತೆಗೆ ಮೊದಲ ಅಂತಾರಾಷ್ಟ್ರೀಯ ಒಪ್ಪಂದ ಆಯಿತು. ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ಜೀವರಕ್ಷಕ ದೋಣಿಯಲ್ಲಿ ಜಾಗ ಇರಲೇಬೇಕು ಎಂಬ ತತ್ವ ಅಲ್ಲಿಂದ ಬಂತು. ನಾವು ಹಡಗು ಹತ್ತಿದ ದಿನ ಅಪಾಯದ ಕವಾಯತು ಮಾಡಿಸಿದರು. ಕಿತ್ತಳೆ ಬಣ್ಣದ ಜಾಕೀಟು ತೋರಿಸಿ ಕಟ್ಟಿಕೊಳ್ಳುವುದನ್ನು ಹೇಳಿಕೊಟ್ಟರು. ಸೂಟಿನವರಿಗೂ ನಮಗೂ ಅದೇ ಜಾಕೀಟು. ಮುಳುಗುವಾಗ ನಾವು ಸಮಾನರು ಎಂದು ಕಾನೂನು ಒಪ್ಪಿದೆ. ಅದಕ್ಕೆ ಸಾವಿರದೈನೂರು ಹೆಣ ಬೇಕಾಯಿತು. ಉಣ್ಣುವಾಗ ಸಮಾನರು ಎಂದು ಒಪ್ಪಲು ಇನ್ನೇನು ಬೇಕು?

ಖಾಲಾ 1983ರಲ್ಲಿ ಹಜ್‌ಗೆ ಹೋದದ್ದು ಹಡಗಿನಲ್ಲೇ, ಮುಂಬಯಿಯಿಂದ ಜಿದ್ದಾಕ್ಕೆ. 1995ರ ನಂತರ ಭಾರತದ ಹಜ್ ಯಾತ್ರಿಕರಿಗೆ ಆ ದಾರಿ ನಿಂತಿತು, ಎಲ್ಲರೂ ವಿಮಾನದವರಾದರು. ಬಾಗಿಲಿನಿಂದ ತಿರುಗಿ ಬಂದ ರಾತ್ರಿ, ಒಳಕೋಣೆಯ ಮಂಚದ ಮೇಲೆ ಕೂತು ಆಕೆ ಆ ಹಡಗಿನ ಮಾತು ತೆಗೆದರು. ಆಕೆಯದು ತಳದ ಅಗ್ಗದ ದರ್ಜೆ. ಸೆಕೆ, ವಾಂತಿಯ ವಾಸನೆ, ಒಂದರ ಮೇಲೊಂದು ಮಂಚ. ಮೇಲೆ ಕ್ಯಾಬಿನ್ನಿನವರೂ ಇದ್ದರಂತೆ, ದೊಡ್ಡ ದೊಡ್ಡ ಸೇಠರು. "ಆದರೆ ನಮಾಝಿಗೆ ಅವರು ಬಂದು ನಿಲ್ಲುತ್ತಿದ್ದದ್ದು ನಮ್ಮ ಗಂಡಸರ ಪಕ್ಕದಲ್ಲೇ" ಎಂದರು. ತಳದಲ್ಲಿ ಒಬ್ಬ ಬಸುರಿಗೆ ಮೈ ಸರಿಯಿಲ್ಲದಾಗ ಮೇಲಿನ ಕ್ಯಾಬಿನ್ನಿನ ಹೆಂಗಸೊಬ್ಬಳು ಬಂದು, ಆಕೆಯನ್ನು ತನ್ನ ಮಂಚಕ್ಕೆ ಕಳಿಸಿ, ತಾನು ಕೆಳಗೆ ಮಲಗಿದಳಂತೆ. "ಆಕೆಯ ಹೆಸರು ಮರೆತಿದೆ, ಆಕೆಗೆ ದುವಾ ಮಾಡುವುದು ಮರೆತಿಲ್ಲ" ಎಂದರು ಖಾಲಾ.

ಆ ಹಡಗು ಸ್ವರ್ಗವಾಗಿರಲಿಲ್ಲ. ದರ್ಜೆ ಅಲ್ಲೂ ಇತ್ತು. ಆದರೆ ಮೇಲಿನಿಂದ ಕೆಳಗೆ ಇಳಿಯಲು, ಕೆಳಗಿನಿಂದ ಮೇಲಕ್ಕೆ ಹತ್ತಲು ಮೆಟ್ಟಿಲಿತ್ತು. ನಮ್ಮ ಹೊಸ ಹಡಗಿನಲ್ಲಿ ಆ ಹೆಂಗಸು ಇದ್ದಿದ್ದರೆ, ಬಸುರಿಯ ಕಾರ್ಡು ಮೇಲಿನ ಬಾಗಿಲಿಗೆ ಹಿಡಿಯುತ್ತಿರಲಿಲ್ಲ. ಉಪಕಾರ ಮಾಡುವ ಮನಸ್ಸು ಇದ್ದರೂ ಸಾಧ್ಯವಾಗದಂತೆ ಕಟ್ಟಿದ ಬಾಗಿಲು ಅದು. ನಮ್ಮ ಆಕ್ಷೇಪವೆಲ್ಲ ಇಲ್ಲಿದೆ.

ಇನ್ನು ಈ ಹಡಗಿನಲ್ಲಿ ಒಳಕೋಣೆಗಿಂತಲೂ ಕೆಳಗಿನ ದರ್ಜೆಯೊಂದಿದೆ. ಅದಕ್ಕೆ ಯಾರೂ ಹರಾಜು ಕೂಗುವುದಿಲ್ಲ. ನಮ್ಮ ಕೋಣೆ ಸ್ವಚ್ಛ ಮಾಡುತ್ತಿದ್ದ ಹುಡುಗ ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, "ಸರ್, ನೀವು ಯಾವ ಊರಿನವರು?" ಎಂದ. ಕಾರವಾರದ ಕಡೆಯವನು. ಒಂಬತ್ತು ತಿಂಗಳ ಕರಾರು. ದಿನಕ್ಕೆ ಎರಡು ಸಲ ಅಷ್ಟೂ ಕೋಣೆಗಳ ಹಾಸಿಗೆ ಸರಿ ಮಾಡಬೇಕು. ಮಲಗುವುದು ಎಲ್ಲಿ ಎಂದು ಕೇಳಿದೆವು. ಬೆರಳಿನಿಂದ ನೆಲ ತೋರಿಸಿದ. ಇಬ್ಬರಿಗೊಂದು ಕೋಣೆ, ಮೇಲೊಂದು ಕೆಳಗೊಂದು ಮಂಚ, ಕಿಟಕಿ ಇಲ್ಲ. "ನಮಗೆ ಬೆಳಗಾಯಿತೆಂದು ಗೊತ್ತಾಗುವುದು ಅಲಾರಾಂನಿಂದ ಸರ್" ಎಂದು ನಕ್ಕ.

ಇದು ಒಂದು ಕಂಪನಿಯ ಕ್ರೌರ್ಯ ಎಂದುಕೊಳ್ಳಬೇಡಿ. ಕಾನೂನೇ ಇದಕ್ಕೆ ಜಾಗ ಬಿಟ್ಟಿದೆ. 2006ರ ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದ 2013ರಲ್ಲಿ ಜಾರಿಗೆ ಬಂತು. ಪ್ರತಿಯೊಬ್ಬ ನಾವಿಕನಿಗೆ ಬೇರೆ ಮಲಗುವ ಕೋಣೆ ಕೊಡಬೇಕು ಎನ್ನುತ್ತದೆ ಅದು, ಆದರೆ ಪ್ರಯಾಣಿಕರ ಹಡಗನ್ನು ಆ ನಿಯಮದಿಂದ ಹೊರಗಿಡುತ್ತದೆ. ಅಲ್ಲಿ ಅಧಿಕಾರಿಗಳಲ್ಲದ ಇಬ್ಬರಿಗೆ ಕನಿಷ್ಠ ಏಳೂವರೆ ಚದರ ಮೀಟರ್ ಇದ್ದರೆ ಸಾಕು, ನಾಲ್ವರಿಗೆ ಹದಿನಾಲ್ಕೂವರೆ. ಬೆಳಕು-ಗಾಳಿಯ ಏರ್ಪಾಡಿದ್ದರೆ ನೀರಿನ ಮಟ್ಟದ ಕೆಳಗೂ ಮಲಗಿಸಬಹುದು. ದಿನಕ್ಕೆ 14 ಗಂಟೆಯವರೆಗೆ, ವಾರಕ್ಕೆ 72 ಗಂಟೆಯವರೆಗೆ ದುಡಿಸಬಹುದು. ಸರಕು ಹೊರುವ ಹಡಗಿನ ನಾವಿಕನಿಗೆ ಸಿಗಬೇಕಾದ ಒಂಟಿ ಕೋಣೆ, ಸುಖ ಹೊರುವ ಹಡಗಿನ ಕೆಲಸಗಾರನಿಗೆ ಏಕೆ ಇಲ್ಲ? ಆ ಜಾಗದಲ್ಲಿ ಸೂಟ್ ಕಟ್ಟಿ ಮಾರಬಹುದಲ್ಲ, ಅದಕ್ಕೇ ಇರಬೇಕು.

ಕೋಣೆಯ ದರ್ಜೆ ಜೀವದ ಪ್ರಶ್ನೆಯಾಗುವುದು ಹಡಗು ಮುಳುಗಿದಾಗ ಮಾತ್ರವಲ್ಲ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೊರೊನಾದ ಕಾರಣಕ್ಕೆ ತಡೆದು ನಿಲ್ಲಿಸಿದರು. ಒಳಗೆ 3,711 ಜನ. ಕೊನೆಗೆ ಸೋಂಕು ತಗಲಿದವರು 700ಕ್ಕೂ ಹೆಚ್ಚು. ಬಾಲ್ಕನಿಯವರಿಗೆ ಗಾಳಿ ಇತ್ತು. ಒಳಕೋಣೆಯವರನ್ನು ಸರದಿಯಂತೆ ಸ್ವಲ್ಪ ಹೊತ್ತು ಡೆಕ್ಕಿಗೆ ಬಿಡುತ್ತಿದ್ದರು. ಕೆಲಸಗಾರರು ಮಾತ್ರ ಇಬ್ಬರು ಮೂವರು ಸೇರಿ ಮಲಗಿ, ಒಟ್ಟಿಗೆ ಉಂಡು, ಎದ್ದು ಎಲ್ಲರ ಬಾಗಿಲಿಗೆ ಊಟ ಒಯ್ಯುತ್ತಿದ್ದರು. ಆ ಹಡಗಿನಲ್ಲಿದ್ದ ಭಾರತೀಯರು 138. ಅವರಲ್ಲಿ ಪ್ರಯಾಣಿಕರು ಆರು ಜನ, ಉಳಿದ 132 ಮಂದಿ ಕೆಲಸಗಾರರು. ಇಂಥ ಹಡಗುಗಳ ಜೊತೆ ನಮ್ಮ ಜನರ ನಿಜವಾದ ಸಂಬಂಧ ಏನೆಂದು ಈ ಎರಡು ಅಂಕಿಗಳೇ ಹೇಳುತ್ತವೆ. ನಮ್ಮ ಹುಡುಗ ಸೂಟಿನ ಸೋಫಾದಲ್ಲಿ ಕೂತು ಫೋಟೊ ತೆಗೆಸಿಕೊಂಡ. ಆ ಸೋಫಾ ಒರೆಸಿದವನೂ ನಮ್ಮವನೇ.

ಸಹೀಹ್ ಬುಖಾರಿಯಲ್ಲಿ ಪ್ರವಾದಿಯವರು ಹೇಳಿದ ಒಂದು ಹಡಗಿನ ದೃಷ್ಟಾಂತವಿದೆ. ಕೆಳಗಿನ ಅಂತಸ್ತಿನವರು ನೀರಿಗಾಗಿ ಮೇಲಿನವರನ್ನು ದಾಟಿ ಹೋಗಬೇಕಾಗುತ್ತದೆ. ಅವರಿಗೆ ತೊಂದರೆ ಏಕೆ, ನಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯೋಣ ಎಂದು ಯೋಚಿಸುತ್ತಾರೆ. ಮೇಲಿನವರು ಸುಮ್ಮನೆ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ತಡೆದರೆ ಎಲ್ಲರೂ ಉಳಿಯುತ್ತಾರೆ. ನಮ್ಮ ಮಸೀದಿಗಳಲ್ಲಿ ಇದನ್ನು ಕೆಳಗಿನವರ ತಪ್ಪಿನ ಕಥೆಯಾಗಿ ಎಷ್ಟೋ ಸಲ ಕೇಳಿದ್ದೇವೆ. ಆ ಹಡಗಿನ ಬಗ್ಗೆ ಎರಡು ಸಂಗತಿಗಳನ್ನು ಯಾರೂ ಒತ್ತಿ ಹೇಳುವುದಿಲ್ಲ. ಒಂದು, ಅಲ್ಲಿ ಮೇಲೆ ಯಾರು, ಕೆಳಗೆ ಯಾರು ಎಂಬುದು ಚೀಟಿ ಎತ್ತಿ ತೀರ್ಮಾನವಾದದ್ದು, ಹಣ ಕೂಗಿ ಅಲ್ಲ. ಎರಡು, ಕೆಳಗಿನವರು ನೀರಿಗಾಗಿ ಮೇಲೆ ಹೋಗುವ ದಾರಿ ಅಲ್ಲಿ ತೆರೆದೇ ಇತ್ತು. ಆ ದಾರಿಗೂ ಬಾಗಿಲು ಜಡಿದು ಕಾರ್ಡು ಕೇಳುವ ಹಡಗಿನಲ್ಲಿ, ತಳದಲ್ಲಿ ತೂತು ಕೊರೆದವನನ್ನು ಮಾತ್ರ ಬಯ್ಯುವುದು ಯಾವ ನ್ಯಾಯ?

ಹಡಗು ನಮಗೆ ದೂರದ ಮಾತು ಎನ್ನುವ ಓದುಗರು ತಮ್ಮ ಊರಿನ ಶಾದಿಮಹಲಿಗೆ ಹೋಗಿ ನೋಡಲಿ. ಒಂದೇ ಮದುವೆ, ಒಂದೇ ದಾವತ್, ಆದರೆ ‘ವಿಐಪಿ’ಗಳಿಗೆ ಪರದೆ ಎಳೆದ ಬೇರೆ ಹಾಲ್. ಹಜ್‌ಗೆ ಹೋಗುವವರಿಗೆ ಖಾಸಗಿ ಟೂರಿನವರು ಹಂಚುವ ಕಾಗದ ನೋಡಲಿ. ಎಲ್ಲರೂ ಒಂದೇ ಬಟ್ಟೆ ಉಡುವ ಮೀನಾದಲ್ಲೂ ವಿಐಪಿ ಡೇರೆ. ದೇವಸ್ಥಾನಗಳ ವಿಶೇಷ ದರ್ಶನದ ಚೀಟಿಯನ್ನು ಟೀಕಿಸುವ ನಮ್ಮ ಗೆಳೆಯರು ಇದನ್ನು ಕಂಡೂ ಸುಮ್ಮನಿರುವುದೇಕೆ? ಹಡಗಿನ ಕಂಪನಿ ಈ ರೋಗವನ್ನು ಹುಟ್ಟಿಸಲಿಲ್ಲ. ನಮ್ಮೊಳಗೆ ಇದ್ದದ್ದಕ್ಕೆ ಬೆಲೆಪಟ್ಟಿ ಅಂಟಿಸಿತು, ಅಷ್ಟೆ.

ಹಾಗಾದರೆ ಏನು ಮಾಡಬೇಕು? ಹಡಗು ಹತ್ತಬೇಡಿ ಎಂದು ನಾವು ಫತ್ವಾ ಕೊಡುವವರಲ್ಲ. ಹೋಗಿ, ಸಮುದ್ರ ನೋಡಿ. ಹೆಚ್ಚಿನ ಹಣ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನನಗೆ ಕಿಟಕಿ ಕೊಡುತ್ತದೆಯೋ, ಬೇರೆಯವರ ಮುಖಕ್ಕೆ ಬಾಗಿಲು ಹಾಕುತ್ತದೆಯೋ? ಕಿಟಕಿಯಾದರೆ ಕೊಡಿ. ಬಾಗಿಲಾದರೆ ಬೆರಳನ್ನು ಹಿಂದಕ್ಕೆ ತೆಗೆಯಿರಿ. ಮನೆಯವರೆಲ್ಲ ಹೋಗುವುದಾದರೆ ಎಲ್ಲರೂ ಒಂದೇ ದರ್ಜೆಯಲ್ಲಿ ಹೋಗಿ. ಒಂದೇ ಒಂದು ಒಳ್ಳೆಯ ಕೋಣೆಗೆ ಹಣವಿದ್ದರೆ ಅದು ಕಾಯಿಲೆಯವರಿಗೆ, ವಯಸ್ಸಾದವರಿಗೆ ಸಲ್ಲಲಿ, ಅವರ ಕೋಣೆಯ ಬಾಗಿಲು ಎಲ್ಲರಿಗೂ ತೆರೆದಿರಲಿ. ಕೋಣೆಯೊಳಗೆ ಏನನ್ನಾದರೂ ಮಾರಿಕೊಳ್ಳಿ, ಆದರೆ ಊಟದ ಮನೆ, ಡೆಕ್ಕು, ಲಿಫ್ಟು ಎಲ್ಲರದಾಗಿರಲಿ ಎಂದು ಕಂಪನಿಗೆ ಬರೆಯಿರಿ. ಹರಾಜಿಗೆಂದು ಎತ್ತಿಟ್ಟ ಹಣ ಕೈಯಲ್ಲಿ ಉಳಿದರೆ, ನಿಮ್ಮ ಹಾಸಿಗೆ ಸರಿ ಮಾಡಿದ ಕೈಗೆ ನೇರವಾಗಿ ಇಡಿ. ಅದು ಭಿಕ್ಷೆಯಲ್ಲ, ಬಾಕಿ.

ಕೊನೆಯ ರಾತ್ರಿ ಅಕ್ಕ ಸೂಟಿನ ಊಟ ಬಿಟ್ಟು ಕೆಳಗೆ ನಮ್ಮ ಊಟದ ಮನೆಗೆ ಬಂದಳು. ಕೆಳಗೆ ಬರುವವರನ್ನು ಯಾರೂ ತಡೆಯುವುದಿಲ್ಲ. ಭಾವನೂ ಬಂದರು. ಸ್ವಲ್ಪ ಹೊತ್ತಿಗೆ ಹುಡುಗನೂ ಹೆಂಡತಿಯನ್ನು ಕರೆದುಕೊಂಡು ಬಂದು, ತಟ್ಟೆ ಹಿಡಿದು ಸರದಿಯಲ್ಲಿ ನಿಂತ. ಖಾಲಾ ತನ್ನ ತಟ್ಟೆಯಿಂದ ಒಂದು ತುಂಡು ಕೋಳಿ ಅವನ ತಟ್ಟೆಗೆ ಹಾಕಿ, "ತಿನ್ನು ಬೇಟಾ, ಬಡವಾಗಿದ್ದೀಯ" ಎಂದರು. ಹುಡುಗ ತಲೆಯೆತ್ತಲಿಲ್ಲ. ನಮ್ಮ ಉತ್ತರಕ್ಕಾಗಿ ಅವನು ಕಾಯುತ್ತಿಲ್ಲ ಎಂದು ನಮಗೆ ಆಗಲೇ ಅನಿಸಿತು. ಇನ್ನೂ ಕಾಯುತ್ತಿರುವವರಿಗೆ ಇದನ್ನು ಬರೆದಿದ್ದೇವೆ.